ಖಾಲಿ ಗಾಡಿ ತಳ್ಳದ ಕಮಲಾಕ್ಷಕ್ಕ

ನಮ್ಮ ಅಕ್ಕ ಕಮಲಾಕ್ಷಮ್ಮನ ಬಗ್ಗೆ ಅರಸೀಕೆರೆಯ ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ ಒಂದೇ ಮಾತು ಹೇಳುತ್ತಾರೆ, ಆಯಮ್ಮ ಬಲು ಶಾಸ್ತ್ರ ಎಂದು. ನನ್ನನ್ನು ಕೇಳಿದರೆ ಬೇರೆ ಹೇಳುತ್ತೇನೆ. ಬಲು ಹಠ, ಬಲು ಬಾಯಿ, ಆದರೆ ಆ ಬಾಯಿಂದ ಬರಬೇಕಾದ ಮಾತು ಮಾತ್ರ ಬರುವುದಿಲ್ಲ. ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ವಾರಗಿತ್ತಿ. ಅವಳ ಯಜಮಾನರು ಷಡಕ್ಷರಪ್ಪನವರು ಹಿರಿಯರು, ನಮ್ಮ ಯಜಮಾನರು ಅವರ ತಮ್ಮ. ಮನೆ ಪಾಲಾದಾಗ ನಡುವೆ ಒಂದು ಗೋಡೆ ಎದ್ದಿತು, ಹಿತ್ತಿಲು ಮಾತ್ರ ಒಂದೇ ಉಳಿಯಿತು. ಆ ಹಿತ್ತಿಲಲ್ಲಿ ನಾವಿಬ್ಬರೂ ಜಗಳವಾಡದ ದಿನವಿಲ್ಲ, ಜಗಳವಾಡಿದ ಮೇಲೆ ಒಟ್ಟಿಗೆ ಕಾಫಿ ಕುಡಿಯದ ದಿನವೂ ಇಲ್ಲ.

ಬಾಣಾವರದಿಂದ ಸೊಸೆಯಾಗಿ ಬಂದವಳು ಆಕೆ. ಬಂದ ವಾರದಲ್ಲೇ ಅತ್ತೆಗೇ ಶಾಸ್ತ್ರ ಹೇಳಿಕೊಟ್ಟಳಂತೆ. ಹೊಸ್ತಿಲ ಮೇಲೆ ಕೂರಬಾರದು, ಕತ್ತರಿ ಸುಮ್ಮನೆ ಆಡಿಸಬಾರದು, ಹೊರಟವರನ್ನು ಹಿಂದಿನಿಂದ ಕೂಗಬಾರದು. ನಾನು ಈ ಮನೆಗೆ ಬಂದಾಗ ಈ ಬಾರದುಗಳ ಕಾಟಕ್ಕೆ ತಲೆ ಕೆಟ್ಟು ಹೋಗಿತ್ತು. ಬೇಕೆಂದೇ ಕತ್ತರಿ ಆಡಿಸುತ್ತಿದ್ದೆ. ಅಕ್ಕ ಒಂದು ದಿನ ಕಿತ್ತುಕೊಂಡು ಬಾವಿಗೆ ಎಸೆದಳು. ಹಾಗೆ ನಮ್ಮ ಸ್ನೇಹ ಶುರುವಾಯಿತು.

ನಮ್ಮದು ಕೊಬ್ಬರಿ ವ್ಯಾಪಾರದ ಮನೆತನ. ಅಕ್ಕನ ಮನೆಯ ಅಟ್ಟದ ತುಂಬ ತೆಂಗಿನಕಾಯಿ. ಒಳಗಿನ ನೀರೆಲ್ಲ ಇಂಗಿ ಗಟ್ಟಿ ಕೊಬ್ಬರಿಯಾಗುವವರೆಗೆ ಅವು ಅಲ್ಲೇ ಬಿದ್ದಿರುತ್ತವೆ. ಒಣಗಿದ ಕಾಯಿ ಅಲುಗಿದರೆ ಚಿಪ್ಪಿನೊಳಗೆ ಕೊಬ್ಬರಿ ಗಡಗಡ ಎನ್ನುತ್ತದೆ. ಇಲಿ ಓಡಿದರೂ ಸದ್ದು, ಬೆಕ್ಕು ನುಗ್ಗಿದರೂ ಸದ್ದು. ಹೊಸಬರು ಬೆಚ್ಚಿ ಮೇಲೆ ನೋಡುತ್ತಾರೆ. ನಾವು "ಕಾಯಿ ಕಣ್ರೀ" ಎಂದು ನಮ್ಮ ಮಾತು ಮುಂದುವರಿಸುತ್ತೇವೆ.

ಅಕ್ಕನಿಗೆ ಒಬ್ಬನೇ ಮಗ, ಚಿದಂಬರ. ಸೊಸೆ ಪ್ರತಿಮಾ ಹಗರೆಯವಳು, ಮರುಳಪ್ಪನವರ ಮಗಳು. ಪ್ರತಿಮಾ ಮೊದಲ ಸಲ ಬಸುರಾಗಿದ್ದಾಗ ಚಿದಂಬರ ಮೊಬೈಲಿನಲ್ಲೇ ಆರ್ಡರ್ ಮಾಡಿ ಒಂದು ಗಾಡಿ ತರಿಸಿದ. ಸ್ಟ್ರಾಲರ್ ಅಂತೆ. ನೀಲಿ ಬಟ್ಟೆ, ಬಿಸಿಲಿಗೆ ಮರೆಯಾಗಲು ಒಂದು ಮುಚ್ಚಿಗೆ, ಪುಟ್ಟ ಪುಟ್ಟ ಚಕ್ರ. ಅದನ್ನು ಹಜಾರದಲ್ಲಿ ಈ ಗೋಡೆಯಿಂದ ಆ ಗೋಡೆಗೆ ತಳ್ಳಿಕೊಂಡು ಹುಡುಗನ ಹಾಗೆ ಓಡಾಡಿದ. ಅಕ್ಕ ಅಡುಗೆಮನೆಯಿಂದ ಸೌಟು ಹಿಡಿದೇ ಓಡಿ ಬಂದಳು.

"ನಿಲ್ಸೋ! ಖಾಲಿ ತೊಟ್ಲು ತೂಗಬಾರ್ದು ಅಂತ ಗೊತ್ತಿಲ್ವೇನೋ ನಿಂಗೆ?"

"ಇದು ತೊಟ್ಲಲ್ಲ ಕಣಮ್ಮ, ಗಾಡಿ."

"ಕೂಸು ಮಲಗೋದು ಯಾವುದಾದ್ರೂ ತೊಟ್ಲೇ ಕಣೋ."

ಬುಟ್ಟಿಯಲ್ಲಿದ್ದ ಒಂದು ತೆಂಗಿನಕಾಯಿ ತಂದು ಗಾಡಿಯಲ್ಲಿ ಕೂರಿಸಿ, "ಈಗ ತಳ್ಳು" ಎಂದಳು. ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಪ್ರತಿಮಾ ಅಂತೂ ಆ ಕಾಯಿಗೆ ಬೆಲ್ಟು ಕಟ್ಟಿ, ಮಗು ಹುಟ್ಟಲಿ, ಹಳೇಬೀಡಿನ ದೇವಸ್ಥಾನದ ಹುಲ್ಲುಹಾಸಿನ ಸುತ್ತ ಇದರಲ್ಲೇ ಓಡಾಡಿಸ್ತೀನಿ ಎಂದಳು.

ದಿನ ತುಂಬುವ ಹೊತ್ತಿಗೆ ಒಂದು ಬೆಳಿಗ್ಗೆ ಹೊಟ್ಟೆಯೊಳಗಿನ ಅಲುಗಾಟ ನಿಂತುಹೋಯಿತು. ಆಸ್ಪತ್ರೆಗೆ ಓಡಿದೆವು. ಹೊಕ್ಕುಳಬಳ್ಳಿ ಕತ್ತಿಗೆ ಸುತ್ತಿಕೊಂಡಿದೆ, ಯಾರ ತಪ್ಪೂ ಅಲ್ಲ ಎಂದರು ಡಾಕ್ಟರು. ಹೆಣ್ಣು ಮಗು. ತಾಯಿಗೆ ತೋರಿಸಬೇಡಿ ಎಂದವಳು ಕಮಲಾಕ್ಷಕ್ಕ. ಮುಖ ನೋಡಿದರೆ ಮರೆಯುವುದಿಲ್ಲ, ಮುಂದಿನದಕ್ಕೆ ಒಳ್ಳೆಯದಲ್ಲ ಎಂದಳು. ಪ್ರತಿಮಾ ಆಪರೇಷನ್ನಿನ ಮಂಪರಿನಲ್ಲಿದ್ದಳು. ಟವೆಲಿನಲ್ಲಿ ಸುತ್ತಿದ ಮಗುವನ್ನು ಅಕ್ಕನೇ ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ಕೂತು, ಬಾಣಾವರದ ದಾರಿಯಲ್ಲಿರುವ ನಮ್ಮ ತೋಟಕ್ಕೆ ಹೋದಳು. ಗಂಡಸರು ತೆಂಗಿನ ಸಾಲಿನ ಕೊನೆಯಲ್ಲಿ ಮಣ್ಣು ಮಾಡಿ ಬಂದರು.

ಅಲ್ಲಿಂದ ಮೇಲೆ ಮನೆಯಲ್ಲಿ ಆ ಮಾತನ್ನು ಯಾರೂ ಎತ್ತಬಾರದೆಂದು ಅಕ್ಕನ ಅಪ್ಪಣೆಯಾಯಿತು. ಎತ್ತಲಿಲ್ಲ. ಆ ಗಾಡಿ ಎಲ್ಲಿ ಎಂದು ನಾನು ಒಮ್ಮೆ ಕೇಳಿದ್ದಕ್ಕೆ, "ಬಾಣಾವರದಲ್ಲಿ ಯಾರ್ಗೋ ಕೊಟ್ಬಿಟ್ಟೆ, ಬಿಡು" ಎಂದಳು. ಪೀಡೆ ಕಳೆಯಿತು ಎಂದುಕೊಂಡೆ.

ಪ್ರತಿಮಾ ಹಗರೆಯಲ್ಲಿ ಕೆಲವು ತಿಂಗಳಿದ್ದು ವಾಪಸು ಬಂದಳು. ಮೊದಲಿನಂತೆ ನಗುತ್ತಿರಲಿಲ್ಲ. ಅತ್ತೆ ಎದುರಿಗೆ ಬಂದರೆ ಕಣ್ಣು ತಗ್ಗಿಸುತ್ತಿದ್ದಳು. ಹೇಳಿದೆನಲ್ಲ, ಕೇಳಿದಿರಾ ಎಂದು ಅತ್ತೆಯ ಮುಖ ದಿನಾ ಹೇಳುತ್ತದೆ ಚಿಕ್ಕತ್ತೆ ಎಂದು ನನ್ನ ಹತ್ತಿರ ಅತ್ತಿದ್ದಳು. ಅಕ್ಕ ಬಾಯಿಬಿಟ್ಟು ಹಾಗೆ ಅಂದವಳಲ್ಲ. ಅನ್ನದೆ ಇದ್ದದ್ದೇ ಹೆಚ್ಚು ಚುಚ್ಚಿತು.

ಒಂದು ದಿನ ಹಿತ್ತಿಲಲ್ಲಿ ಬಟ್ಟೆ ಒಣಗಿಸುತ್ತಿದ್ದವಳು ನನ್ನ ಸೆರಗು ಹಿಡಿದು ನಿಲ್ಲಿಸಿದಳು.

"ಚಿಕ್ಕತ್ತೆ, ಮಧ್ಯಾಹ್ನ ಮನೆ ನಿಶ್ಶಬ್ದ ಆದಾಗ ಗಾಡಿ ಸದ್ದು ಕೇಳ್ಸುತ್ತೆ."

"ಯಾವ ಗಾಡಿ?"

"ಅವಳದ್ದು."

ಗದರಿದೆ. "ಅಟ್ಟದ ಮೇಲಿನ ಕಾಯಿ ಕಣೇ. ಈ ಮನೇಲಿ ಇಷ್ಟು ವರ್ಷದಿಂದ ಇದೀಯ, ಕಾಯಿ ಸದ್ದು ಗೊತ್ತಾಗಲ್ವಾ?"

"ಕಾಯಿ ಉರುಳಿದ್ರೆ ಒಂದು ಕಡೆ ಹೋಗಿ ನಿಂತ್ಕೊಳುತ್ತೆ ಚಿಕ್ಕತ್ತೆ. ಇದು ಹೋಗುತ್ತೆ, ಬರುತ್ತೆ. ಮತ್ತೆ ಹೋಗುತ್ತೆ."

ನಾನು ಚಿದಂಬರನಿಗೆ ಹೇಳಿದೆ. ಅವನು ಹಾಸನದ ಡಾಕ್ಟರರಿಗೆ ತೋರಿಸಿದ. ಅವರು ಮಾತ್ರೆ ಕೊಟ್ಟರು. ಮಾತ್ರೆ ನುಂಗಿದ ದಿನಗಳಲ್ಲೂ ಅವಳಿಗೆ ಸದ್ದು ಕೇಳಿಸುತ್ತಲೇ ಇತ್ತು, ಹೇಳುವುದನ್ನು ಮಾತ್ರ ನಿಲ್ಲಿಸಿದಳು. ಅಕ್ಕನಿಗೆ ಈ ವಿಷಯ ತಿಳಿಸಬೇಡಿ ಎಂದು ಚಿದಂಬರ ಕೈಮುಗಿದ. ಸೊಸೆಗೆ ಗಾಳಿ ಸೋಕಿದೆ ಎಂದು ಅಮ್ಮ ಮಂತ್ರಿಸುವವರನ್ನು ಕರೆಸಿಬಿಟ್ಟಾಳು ಎಂಬ ಭಯ ಅವನಿಗೆ. ಹೀಗೆ ಒಂದೇ ಸೂರಿನಡಿ ಅವರು ಇವರಿಗೆ ಹೇಳದೆ, ಇವರು ಅವರಿಗೆ ಹೇಳದೆ ದಿನ ದೂಡಿದರು.

ಆಮೇಲೆ ಶಿವ ಕಣ್ಣುಬಿಟ್ಟ. ಪ್ರತಿಮಾ ಮತ್ತೆ ಬಸುರಾಗಿ ಇಂಚರ ಹುಟ್ಟಿದಳು. ದುಂಡು ಕೆನ್ನೆ, ಊರಿಗೆಲ್ಲ ಕೇಳುವಂಥ ಅಳು. ಆ ಅಳು ಕೇಳಿದರೆ ನನಗೆ ಹಬ್ಬದೂಟ ಉಂಡಷ್ಟು ಸಂತೋಷ. ಆದರೆ ತಾಯಿ ಮಗುವನ್ನು ಕೆಳಗಿಡಲೊಲ್ಲಳು. ಉಣ್ಣುವಾಗ ಒಂದು ಕೈಯಲ್ಲಿ ಮಗು. ತಲೆ ಬಾಚುವಾಗ ತೊಡೆಯಲ್ಲಿ ಮಗು. ಸ್ನಾನಕ್ಕೆ ಹೋದರೆ ಚಿದಂಬರ ಎತ್ತಿಕೊಂಡು ಬಚ್ಚಲ ಬಾಗಿಲಲ್ಲೇ ನಿಂತಿರಬೇಕು, ಒಳಗಿನಿಂದ ಅವಳು "ಇದಾಳಾ?" ಎಂದು ಕೂಗುತ್ತಲೇ ಇರಬೇಕು.

ಹೆಸರಿಡುವ ದಿನ ಇನ್ನೊಂದು ವಿಚಿತ್ರವಾಯಿತು. ನಮ್ಮಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕುವ ಮುಂಚೆ ಒರಳಿನ ಗುಂಡುಕಲ್ಲಿಗೆ ಕುಲಾವಿ ತೊಡಿಸಿ, ಮಗುವಿನಂತೆ ಸಿಂಗರಿಸಿ ಮೊದಲು ಅದನ್ನು ಮಲಗಿಸುತ್ತಾರೆ. ಮಗು ಕಲ್ಲಿನಂತೆ ಗಟ್ಟಿಯಾಗಿರಲಿ, ಬರುವ ದೃಷ್ಟಿ ಕಲ್ಲಿಗೆ ತಾಗಲಿ ಎಂದು. ಅವತ್ತು ಅಕ್ಕನ ಮನೆಯ ಒರಳಿನ ಹತ್ತಿರ ಗುಂಡುಕಲ್ಲೇ ಇರಲಿಲ್ಲ. ಮಿಕ್ಸಿ ಬಂದ ಮೇಲೆ ಅದರ ಕಡೆ ಯಾರು ನೋಡುತ್ತಾರೆ?

"ಒಡೆದೋಯ್ತು" ಎಂದಳು ಅಕ್ಕ.

"ಗುಂಡುಕಲ್ಲು ಒಡೆಯೋಕೆ ಅದೇನು ಗಾಜಿನ ಲೋಟವೇನಕ್ಕ?" ಎಂದೆ.

ಮುಖ ತಿರುಗಿಸಿ ಹೋದಳು. ನಮ್ಮ ಮನೆಯ ಕಲ್ಲು ತಂದು ಶಾಸ್ತ್ರ ಮುಗಿಸಿದೆವು. ಪ್ರತಿಮಾ ಇಂಚರಳನ್ನು ತೊಟ್ಟಿಲಿಗೆ ಮುಟ್ಟಿಸಿದ ಹಾಗೆ ಮಾಡಿ ಎತ್ತಿಕೊಂಡುಬಿಟ್ಟಳು. ಮುತ್ತೈದೆಯರಿಗೆ ಹಾಡಲು ಹೊತ್ತೇ ಸಿಗಲಿಲ್ಲ.

ಸದಾ ಎತ್ತಿಕೊಂಡೇ ಇದ್ದರೆ ಕೈಗಳಾದರೂ ಎಷ್ಟು ತಡೆದಾವು? ಅವಳ ಎರಡೂ ಮಣಿಕಟ್ಟು ಊದಿಕೊಂಡವು. ಲೋಟ ಹಿಡಿದರೂ ಕೈ ನಡುಗುವುದು. ಮಗುವನ್ನು ಎತ್ತುವುದು ಕಡಿಮೆ ಮಾಡದಿದ್ದರೆ ಕೈ ಕೆಲಸಕ್ಕೆ ಬರುವುದಿಲ್ಲ ಎಂದರು ಡಾಕ್ಟರು. ಕೇಳಿದಳೇ? ಒಂದು ಬೆಳಿಗ್ಗೆ ಹಜಾರದಲ್ಲಿ ನಡೆಯುತ್ತಿದ್ದ ಹಾಗೇ ಕೈ ಸೋತು ಮಗು ಜಾರಿತು. ಪುಣ್ಯಕ್ಕೆ ಕೆಳಗೆ ಖಾಲಿ ಗೋಣಿಚೀಲಗಳ ರಾಶಿ. ಮಗು ಬಿದ್ದು, ಬೆಚ್ಚಿ, ಅತ್ತು, ಮತ್ತೆ ನಕ್ಕಿತು. ತಾಯಿ ನಗಲಿಲ್ಲ.

ಆ ಸಂಜೆ ಚಿದಂಬರ ಗಟ್ಟಿ ಮನಸ್ಸು ಮಾಡಿ ಹೇಳಿದ, ಸ್ಟ್ರಾಲರ್ ತಗೊಳ್ಳೋಣ ಎಂದು. ಮೊಬೈಲಿನಲ್ಲಿ ಹತ್ತಾರು ತೋರಿಸಿದ. ಮಗು ಇನ್ನೂ ಕೂರುವುದಿಲ್ಲ, ಪೂರ್ತಿ ಅಂಗಾತ ಮಲಗುವಂಥದ್ದು ಬೇಕು. ನಮ್ಮ ಬೀದಿಯ ಕಲ್ಲಿಗೆ ಸಣ್ಣ ಚಕ್ರ ಸಿಕ್ಕಿಹಾಕಿಕೊಳ್ಳುತ್ತದೆ, ದೊಡ್ಡದಿರಬೇಕು. ಹಗರೆಗೆ ಬಸ್ಸಿನಲ್ಲಿ ಹೋಗುವಾಗ ಹಳೇಬೀಡಿನಲ್ಲಿ ಇಳಿದು ಹತ್ತಬೇಕು, ಮಡಚಿದರೆ ಹಗುರಾಗಿರಬೇಕು. ಅವನು ಹೇಳುತ್ತಲೇ ಇದ್ದ.

"ಚಕ್ರ ಇರೋದು ಈ ಮನೆಗೆ ಬೇಡ" ಎಂದಳು ಪ್ರತಿಮಾ.

"ಬ್ಯಾಡ ಕಣೋ, ಬ್ಯಾಡ" ಎಂದಳು ಅಕ್ಕ, ಅವಳಿಗಿಂತ ಜೋರಾಗಿ.

ಅತ್ತೆ ಸೊಸೆ ಒಂದೇ ಮಾತಿಗೆ ಬಂದದ್ದನ್ನು ನಾನು ಅದೇ ಮೊದಲು ಕಂಡದ್ದು. ಚಿದಂಬರ ಮೊಬೈಲು ಜೇಬಿಗಿಟ್ಟು ಎದ್ದು ಹೋದ. ನನಗೋ ಸಿಟ್ಟು ನೆತ್ತಿಗೇರಿತು. ಮರುದಿನ ಪ್ರತಿಮಾಳನ್ನು ಹಿತ್ತಿಲಿಗೆ ಕರೆದು ಚೆನ್ನಾಗಿ ಬೈದೆ. ಮಗು ಇನ್ನೊಂದು ಸಲ ಬಿದ್ದರೆ ಗೋಣಿಚೀಲ ಇರುವುದಿಲ್ಲ, ನೆಲ ಇರುತ್ತದೆ ಎಂದೆ. ಅವಳು ಮಗುವಿನ ಕಿವಿ ಮುಚ್ಚಿಕೊಂಡು ಮೆಲ್ಲಗೆ ಹೇಳಿದಳು.

"ನಾನು ಕೆಳಗೆ ಮಲಗಿಸಿದ್ರೆ ಅವಳು ಬರ್ತಾಳೆ ಚಿಕ್ಕತ್ತೆ. ಗಾಡಿ ತಗೊಂಡು ದಿನಾ ಬರ್ತಾಳೆ. ತಂಗೀನ ಕರ್ಕೊಂಡು ಹೋಗೋಕೆ."

ಅವಳು ಹುಚ್ಚಿಯ ಹಾಗೆ ಹೇಳಲಿಲ್ಲ. ಅಂಗಡಿಗೆ ಹೋಗಿ ಬಂದೆ ಎನ್ನುವಷ್ಟು ಸಹಜವಾಗಿ ಹೇಳಿದಳು.

"ನೀವು ಒಂದೇ ಒಂದು ಸಲ ಬಂದು ಕೇಳಿ. ನಿಮಗೂ ಕೇಳಿಸ್ಲಿಲ್ಲ ಅಂದ್ರೆ ನೀವು ಹೇಳಿದ ಹಾಗೆ ಕೇಳ್ತೀನಿ."

ಹೋದೆ. ಊಟ ಮುಗಿದಿತ್ತು. ಗಂಡಸರು ಮಂಡಿಗೆ ಹೋಗಿದ್ದರು. ಅಕ್ಕ ಎಂದಿನಂತೆ ಮಲಗಲು ಒಳಗೆ ಹೋಗಿದ್ದಳು. ಹಜಾರದ ಕಿಟಕಿಯ ಬಿಸಿಲು ನೆಲಕ್ಕೆ ಬಿದ್ದಿತ್ತು. ಬೀದಿಯಲ್ಲಿ ಒಂದು ನಾಯಿಯೂ ಬೊಗಳುತ್ತಿರಲಿಲ್ಲ. ಪ್ರತಿಮಾ ಗೋಡೆಗೆ ಒರಗಿ, ಮಗುವನ್ನು ಎದೆಗೆ ಒತ್ತಿಕೊಂಡು ಕೂತಳು. ನಾನು ಎದುರಿಗೆ ಕೂತು, ಇದು ಎಂಥ ಕರ್ಮ ಎಂದು ಮನಸ್ಸಿನಲ್ಲೇ ಗೊಣಗುತ್ತಿದ್ದೆ.

ಮೇಲೆ ಅಟ್ಟದಲ್ಲಿ ಒಂದು ಕಾಯಿ ಉರುಳಿತು. "ನೋಡು, ಕಾಯಿ" ಎಂದೆ. ಅವಳು ತಲೆಯಾಡಿಸಿದಳು.

ಆಮೇಲೆ ಅದು ಕೇಳಿಸಿತು. ಕಿರ್ರ್ ಎಂದು ಹೋಯಿತು. ಕಿರ್ರ್ ಎಂದು ಬಂತು. ಸ್ವಲ್ಪ ನಿಂತಿತು. ಮತ್ತೆ ಹೋಯಿತು.

ಕಾಯಿಯಲ್ಲ, ಇಲಿಯಲ್ಲ, ಅದು ಚಕ್ರವೇ. ಶಿವ ಶಿವ ಎಂದು ಬಾಯಲ್ಲಿ ಬಂದದ್ದೂ ನನಗೆ ಗೊತ್ತಾಗಲಿಲ್ಲ. ಪ್ರತಿಮಾ ನನ್ನ ಮುಖವನ್ನೇ ನೋಡುತ್ತಿದ್ದಳು. "ನಿಮಗೂ ಕೇಳಿಸ್ತಲ್ವಾ?" ಎಂದಳು. ಅವಳ ಕಣ್ಣಲ್ಲಿ ಹೆದರಿಕೆಗಿಂತ ಸಮಾಧಾನವೇ ಹೆಚ್ಚಾಗಿತ್ತು. ತನ್ನ ತಲೆ ಕೆಟ್ಟಿಲ್ಲ ಎಂದು ಅವಳಿಗೆ ಅಂದೇ ಗೊತ್ತಾದದ್ದು.

ಹೆದರಿದರೆ ಸಿಟ್ಟಾಗುವುದು ನನ್ನ ಹುಟ್ಟುಗುಣ. ಎದ್ದವಳೇ ಸದ್ದಿನ ಜಾಡು ಹಿಡಿದು ನಡೆದೆ. ಅಡುಗೆಮನೆ ದಾಟಿದರೆ ಹಿಂದುಗಡೆ ಹಳೆಯ ಉಗ್ರಾಣ. ಚೀಲ, ಚಿಪ್ಪು, ಮುರಿದ ತಕ್ಕಡಿ ತುಂಬಿದ ಕೋಣೆ. ಅದರ ಬೀಗದ ಕೈ ಯಾವಾಗಲೂ ಅಕ್ಕನ ಸೊಂಟದಲ್ಲಿ. ಇವತ್ತು ಚಿಲಕಕ್ಕೆ ಬೀಗವಿರಲಿಲ್ಲ. ಒಳಗಿನಿಂದ ಚಕ್ರದ ಸದ್ದಿನ ಜೊತೆ ಒಂದು ಮಾತೂ ಕೇಳಿಸಿತು. ಬಾಗಿಲು ನೂಕಿದೆ.

ಕಮಲಾಕ್ಷಕ್ಕ ಒಂದು ಚೀಲದ ಮೇಲೆ ಕೂತಿದ್ದಳು. ಎದುರಿಗೆ ಆ ನೀಲಿ ಗಾಡಿ. ಪಾದದಿಂದ ಅದನ್ನು ಮೆಲ್ಲಗೆ ಹಿಂದಕ್ಕೆ ಮುಂದಕ್ಕೆ ಆಡಿಸುತ್ತಿದ್ದಳು. ಗಾಡಿಯಲ್ಲಿ ಮೆತ್ತನೆ ಹಾಸಿಗೆ, ಹಾಸಿಗೆಯಲ್ಲಿ ಗುಂಡುಕಲ್ಲು. ಕಲ್ಲಿಗೆ ಕೆಂಪು ಕುಲಾವಿ, ವಿಭೂತಿ, ಪಕ್ಕಕ್ಕೊಂದು ಕಾಡಿಗೆಯ ದೃಷ್ಟಿಬೊಟ್ಟು. ಹೊಟ್ಟೆಯ ಮೇಲೆ ಬೆಲ್ಟು ಬಿಗಿದಿತ್ತು. ಅಕ್ಕನ ಬೆನ್ನು ನನ್ನ ಕಡೆಗಿತ್ತು, ಅವಳು ಮಾತು ನಿಲ್ಲಿಸಲಿಲ್ಲ.

"...ಬೆಳಿಗ್ಗೆ ಮೋಡ ಇತ್ತು ಅಂತ ಕೊಬ್ಬರಿ ಹರವಲಿಲ್ಲ ಕಣವ್ವ. ನಿಮ್ಮಪ್ಪ ಉಣ್ಣದೆ ಹೋದ. ನಿನ್ ತಂಗಿ ನಿನ್ನೆ ಬಿದ್ದೋದ್ಲು, ಏನೂ ಆಗ್ಲಿಲ್ಲ, ನೀನು ನೋಡ್ಕೊಂಡೆ ಅಲ್ವಾ..."

ನನ್ನ ಹಿಂದೆ ಪ್ರತಿಮಾ ಬಂದು ನಿಂತಿದ್ದು ಗೊತ್ತಾದದ್ದು ಅವಳ ಉಸಿರಿನಿಂದ. ಮಗು ಕಿಸಕ್ಕೆಂದಿತು. ಅಕ್ಕ ತಿರುಗಿದಳು. ಎದ್ದು ತನ್ನ ಸೆರಗಿನಿಂದ ಗಾಡಿ ಮುಚ್ಚಲು ಹೋದಳು, ಪಾಪ, ಕದ್ದು ತಿಂದ ಮಗುವಿನ ಹಾಗೆ.

"ನೀವಾ?" ಎಂದಳು ಪ್ರತಿಮಾ. "ಇಷ್ಟು ವರ್ಷ ನೀವಾ ಅತ್ತೆ? ನಾನು ಹುಚ್ಚಿ ಅಂದ್ಕೊಂಡಿದ್ದೆ. ಮಾತ್ರೆ ನುಂಗಿದೆ. ನನ್ನ ಮಗೂನ ಕೆಳಗಿಡೋಕೆ ಹೆದರ್ಕೊಂಡು ಸಾಯ್ತಾ ಇದ್ದೆ. ನೀವು ಇಲ್ಲಿ ಕಲ್ಲಿನ ಜೊತೆ ಆಟ ಆಡ್ತಾ ಇದ್ರಾ?"

ಅವಳು ಆ ಮನೆಗೆ ಬಂದಾಗಿನಿಂದ ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ಅಕ್ಕ ಚೀಲದ ಮೇಲೆ ಕುಸಿದು ಕೂತಳು.

"ಖಾಲಿ ಇರಬಾರ್ದು ಅಂತ ಇಟ್ಟೆ ಕಣೇ. ಮುಂದಿನ ಕೂಸಾದ್ರೂ ಉಳೀಲಿ ಅಂತ."

"ಖಾಲಿ ತಳ್ಳಿದ್ದು ನಿಮ್ಮ ಮಗ. ನಗಾಡಿದ್ದು ನಾನು. ಅದಕ್ಕೇ ಹೋಯ್ತು ಅಂತ ತಾನೇ ನೀವು ನನ್ನ ಹಾಗೆ ನೋಡ್ತಾ ಇದ್ದಿದ್ದು?"

"ನೀನಲ್ಲ ಕಣವ್ವ, ಅವನೂ ಅಲ್ಲ." ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಆಮೇಲೆ ತೆಗೆದಳು. "ನಾನು. ನೀವೆಲ್ಲ ಹಗರೆಗೆ ಹೋಗಿದ್ರಲ್ಲ, ಅವತ್ತು. ಮನೇಲಿ ಯಾರೂ ಇರ್ಲಿಲ್ಲ. ಆ ಕಾಯಿ ತೆಗೆದಿಟ್ಟು, ಖಾಲೀದು ತಳ್ಳಿದೆ. ಹಜಾರದ ತುಂಬ ತಳ್ಳಿದೆ. ಎಷ್ಟು ಚೆಂದಾಗಿ ಓಡುತ್ತಲ್ಲ ಅಂತ. ನನಗೂ ಆಸೆ ಆಯ್ತು ಕಣೇ. ನನ್ ಮೊಮ್ಮಗೂನ ಹಿಂಗೆ ಕರ್ಕೊಂಡು ಹೋಗ್ತೀನಿ ಅಂತ... ಅವರಿಗೆಲ್ಲ ಬಯ್ದವಳು ನಾನೇ ತಳ್ಳಿದೆ."

ಊರಿಗೆಲ್ಲ ಶಾಸ್ತ್ರ ಹೇಳುವ ಕಮಲಾಕ್ಷಮ್ಮ ಜನ್ಮದಲ್ಲಿ ಒಂದೇ ಒಂದು ಸಲ ಶಾಸ್ತ್ರ ಮೀರಿದ್ದಳು, ಅದೂ ಆಸೆಯಿಂದ. ಅದನ್ನು ಹೊಟ್ಟೆಯಲ್ಲಿ ಕಟ್ಟಿಕೊಂಡು ಇಷ್ಟು ವರ್ಷ ಬೆಂದಿದ್ದಳು. ಡಾಕ್ಟರು ಹೇಳಿದ್ದು ಬಳ್ಳಿ ಸುತ್ತಿಕೊಂಡಿತ್ತು ಅಂತ ಅಲ್ವೇನಕ್ಕ ಎಂದು ಹೇಳಬೇಕೆಂದುಕೊಂಡೆ. ಆ ಮಾತು ಅಲ್ಲಿ ಯಾರಿಗೂ ಬೇಕಿರಲಿಲ್ಲ.

ಪ್ರತಿಮಾ ಗಾಡಿಯನ್ನೇ ನೋಡುತ್ತಿದ್ದಳು. ನೋಡುತ್ತಲೇ ಕೇಳಿದಳು.

"ಅವಳು ಹೇಗಿದ್ದಳು ಅತ್ತೆ?"

ಯಾರೂ ಅವಳಿಗೆ ಹೇಳಿರಲಿಲ್ಲ. ಕೇಳಲು ಯಾರೂ ಬಿಟ್ಟಿರಲಿಲ್ಲ. ಅಕ್ಕ ಮೊದಲು ತಲೆ ಅಲ್ಲಾಡಿಸಿದಳು. ಆಮೇಲೆ ಹೇಳಿದಳು, ತಡೆತಡೆದು.

"ತಲೆ ತುಂಬ ಕೂದಲು. ನಿನ್ನ ಥರ ಅಗಲ ಹಣೆ. ಎಡಗಿವಿ ಚೂರು ಮಡಚಿತ್ತು, ಚಿದಂಬರಂದು ಹುಟ್ಟಿದಾಗ ಹಂಗೇ ಇತ್ತು. ಉಗುರು ಬೆಳೆದಿದ್ವು. ಹಾಲು ಕುಡಿದು ಮಲಗಿದ್ಲೇನೋ ಅನ್ನಂಗಿದ್ಲು. ತೋಟದ ತಂಕ ನನ್ ತೊಡೆ ಮೇಲೇ ಇದ್ಲು. ಇಳಿಸಿ ಕೊಟ್ಟ ಮೇಲೆ ತೊಡೆ ಹಗುರಾಗಲೇ ಇಲ್ಲ ಕಣೇ. ಮನೇಗೆ ಬಂದು ಏನೇನೋ ಎತ್ತಿ ಎತ್ತಿ ನೋಡ್ದೆ. ಈ ಕಲ್ಲು ಅವಳಷ್ಟೇ ಭಾರ ಇತ್ತು."

ಪ್ರತಿಮಾ ತಿರುಗಿ ಇಂಚರಳನ್ನು ನನ್ನ ಕೈಗೆ ಕೊಟ್ಟಳು. ನಾನು ತಬ್ಬಿಬ್ಬಾಗಿ ಹಿಡಿದುಕೊಂಡೆ. ಅವಳು ಬಗ್ಗಿ ಬೆಲ್ಟು ಬಿಚ್ಚಿದಳು. "ಬ್ಯಾಡವ್ವ, ನಿನ್ ಕೈ ನೋಯ್ತದೆ" ಎಂದಳು ಅಕ್ಕ. ಕೇಳಿಸಿಕೊಳ್ಳಲಿಲ್ಲ. ಊದಿದ ಮಣಿಕಟ್ಟುಗಳಲ್ಲಿ ಆ ಕಲ್ಲನ್ನು ಎತ್ತಿ, ಕುಲಾವಿಯ ತಲೆಯನ್ನು ಮೊಣಕೈ ಸಂದಿಗೆ ಆನಿಸಿಕೊಂಡಳು.

"ಇಷ್ಟೇ ಇದ್ದಳಾ?"

"ಇಷ್ಟೇ."

ಅಲ್ಲೇ ಚೀಲದ ಮೇಲೆ ಅತ್ತೆಯ ಪಕ್ಕ ಕೂತು ಅವಳು ಅತ್ತಳು. ಅಕ್ಕನೂ ಅತ್ತಳು. ನನ್ನ ಕೈಯಲ್ಲಿದ್ದ ಇಂಚರ ನನ್ನ ಮೂಗುತಿ ಹಿಡಿದು ಎಳೆಯುತ್ತಿದ್ದಳು. ನಾನು ಮಗುವನ್ನು ಹೊರಗೆ ಕರೆದುಕೊಂಡು ಹೋಗಿ ಹಿತ್ತಿಲಲ್ಲಿ ಕಾಗೆ ತೋರಿಸಿದೆ. ಒಳಗೆ ಅವರಿಬ್ಬರೂ ಸಂಜೆಯವರೆಗೆ ಏನು ಮಾತಾಡಿಕೊಂಡರೋ ನನಗೆ ತಿಳಿಯದು, ಕೇಳಲೂ ಇಲ್ಲ.

ಗಂಡಸರಿಗೆ ವಿಷಯ ತಿಳಿದಾಗ ಷಡಕ್ಷರಪ್ಪನವರು ಆ ಕಲ್ಲನ್ನು ಕೆರೆಗೆ ಹಾಕಿಬಿಡೋಣ ಎಂದರು. ಅತ್ತೆ ಸೊಸೆ ಇಬ್ಬರೂ ಅವರನ್ನು ನೋಡಿದ ನೋಟಕ್ಕೆ ಭಾವನವರು ತೆಪ್ಪಗೆ ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಹಾಗಾದರೆ ಆ ಗಾಡಿಯನ್ನೇ ಒರೆಸಿ ಇಂಚರಳಿಗೆ ಬಳಸಬಹುದಲ್ಲ ಎಂದ ಚಿದಂಬರ.

"ಅದು ಅವಳದ್ದು" ಎಂದಳು ಪ್ರತಿಮಾ. "ಇವಳಿಗೆ ಬೇರೆ ತಗೊಳ್ಳೋಣ."

ಹಾಗೆ ನಾವು ಮೂವರು ಹೆಂಗಸರು ಮಗುವನ್ನು ಎತ್ತಿಕೊಂಡು ಬಿ.ಎಚ್. ರಸ್ತೆಯ ಮಕ್ಕಳ ಸಾಮಾನಿನ ಅಂಗಡಿಗೆ ಹೋದೆವು. ಮಹಾಂತೇಶ್ ಎಂಬ ಹುಡುಗನದು ಅಂಗಡಿ. ಒಳ್ಳೆಯ ಮಾತುಗಾರ. ಸಾಲಾಗಿ ಗಾಡಿಗಳನ್ನು ನಿಲ್ಲಿಸಿದ.

"ಇದು ನೋಡಿ ಅಮ್ಮ, ಮೂರು ಚಕ್ರದ್ದು, ಸ್ಪೀಡಾಗಿ ತಿರುಗುತ್ತೆ."

"ಸ್ಪೀಡಾಗಿ ತಿರುಗಿ ಚರಂಡಿಗೆ ಬೀಳ್ತದೆ. ನಾಲ್ಕು ಚಕ್ರದ್ದು ತಗಿ" ಎಂದಳು ಅಕ್ಕ.

ಒಂದರ ಹಿಡಿ ಗಿಡ್ಡ, ಪ್ರತಿಮಾ ಬಗ್ಗಿ ತಳ್ಳಬೇಕು, ಮಣಿಕಟ್ಟಿಗೆ ನೋವು. ಒಂದು ಮಡಚಿದರೂ ಎತ್ತಲಾರದಷ್ಟು ಭಾರ. ಇನ್ನೊಂದರ ಬ್ರೇಕು ಒತ್ತಲು ನನ್ನ ಕಾಲಿನ ಹೆಬ್ಬೆರಳು ಮುರಿಯಬೇಕು. ಕೊನೆಗೆ ಒಂದು ಬೂದು ಬಣ್ಣದ್ದು ಬಂತು. ದಪ್ಪ ಚಕ್ರ, ಎತ್ತರದ ಹಿಡಿ, ಬೆನ್ನು ಚಪ್ಪಟೆಯಾಗಿ ಬೀಳುತ್ತಿತ್ತು, ಒಂದೇ ಕೈಯಲ್ಲಿ ಮಡಚಬಹುದಿತ್ತು. ಮಹಾಂತೇಶ್ ಓಡಿಸಿ ತೋರಿಸುತ್ತೇನೆಂದು ಹಿಡಿಗೆ ಕೈಹಾಕಿದ.

"ನಿಲ್ಸಪ್ಪಾ!" ಅಕ್ಕ ಅಂಗಡಿ ಅದುರುವಂತೆ ಕೂಗಿದಳು. ಅವನು ಕೈ ಸುಟ್ಟವನಂತೆ ಹಿಂದಕ್ಕೆಳೆದುಕೊಂಡ. "ಖಾಲೀದು ತಳ್ಳಬ್ಯಾಡ ಕಣಪ್ಪ."

"ತಳ್ಳಿ ನೋಡ್ದೆ ಹೆಂಗಮ್ಮ ತಗೋತೀರಾ?" ಎಂದ ಅವನು, ನನ್ನ ಮುಖ ನೋಡಿ.

ನಾನು ಏನಾದರೂ ಸಾಮಾನು ಇಡೋಣವೆಂದು ಅತ್ತಿತ್ತ ಹುಡುಕಿದೆ. ಪ್ರತಿಮಾ ಮುಂದೆ ಬಂದಳು. ಇಂಚರಳನ್ನು ಎದೆಯಿಂದ ಬಿಡಿಸಿದಳು. ಮಗು ಅವಳ ರವಿಕೆ ಹಿಡಿದಿತ್ತು. ಬೆರಳು ಒಂದೊಂದಾಗಿ ಬಿಡಿಸಿ ಗಾಡಿಯಲ್ಲಿ ಮಲಗಿಸಿದಳು. ಕೈ ತೆಗೆದಳು. ಮಗು ಮೇಲಿನ ಫ್ಯಾನು ನೋಡಿ ಎರಡೂ ಕಾಲು ಒದ್ದಿತು. ಪ್ರತಿಮಾ ಬೆಲ್ಟು ಹಾಕಿ, ಹಿಡಿ ಹಿಡಿದು ಅಂಗಡಿಯ ಈ ತುದಿಯಿಂದ ಆ ತುದಿಗೆ ತಳ್ಳಿ ತಂದಳು. ಅಕ್ಕ ಪಕ್ಕದಲ್ಲೇ ನಡೆದಳು, ಮಗುವಿನ ಮುಖದಿಂದ ಕಣ್ಣು ತೆಗೆಯದೆ.

"ಇದೇ ಇರಲಿ" ಎಂದಳು ಪ್ರತಿಮಾ.

ಮಹಾಂತೇಶನಿಗೆ ಹುರುಪು ಬಂತು. "ಮನೇಲಿ ಇನ್ನೂ ಮಕ್ಕಳಿದಾರಾ ಅಮ್ಮ?" ಎಂದು ಕೇಳಿದ.

ನಾನು ಇಲ್ಲ ಎನ್ನಲು ಬಾಯಿ ತೆರೆದೆ.

"ಅವಳೆ. ದೊಡ್ಡೋಳು ಒಬ್ಬಳು ಅವಳೆ" ಎಂದಳು ಕಮಲಾಕ್ಷಕ್ಕ.

ಆ ಮಾತು ಎತ್ತಕೂಡದೆಂದು ಮನೆಯವರ ಬಾಯಿಗೆಲ್ಲ ಬೀಗ ಹಾಕಿದವಳು ನಡು ಅಂಗಡಿಯಲ್ಲಿ ನಿಂತು ಹೇಳಿದಳು. ಮಹಾಂತೇಶನಿಗೆ ಏನು ಗೊತ್ತು? ಒಳಗಿನಿಂದ ಜೋಡಿ ಸೀಟಿನ ಗಾಡಿಯೊಂದನ್ನು ಎಳೆದು ತಂದ. ಇಬ್ಬರೂ ಅಕ್ಕಪಕ್ಕ ಕೂರಬಹುದು, ಜಗಳ ಇರಲ್ಲ ಎಂದ. ಅಕ್ಕ ಅದರ ಎರಡು ಸೀಟುಗಳನ್ನು ನೋಡಿದಳು. ಆಮೇಲೆ ಸೊಸೆಯ ಕಡೆ ತಿರುಗಿದಳು, ನೀನೇ ಹೇಳವ್ವ ಎನ್ನುವ ಹಾಗೆ.

ಪ್ರತಿಮಾ ಬಗ್ಗಿ ಇಂಚರಳ ಬೆಲ್ಟು ಸರಿಮಾಡಿದಳು.

"ಒಂದೇ ಸಾಕು" ಎಂದಳು. "ಅವಳು ಈಗ ನಡೀತಾಳೆ."

ಅಕ್ಕ ತಲೆಯಾಡಿಸಿದಳು. ಹೌದಲ್ಲ ಎಂದುಕೊಂಡವಳ ಹಾಗೆ.

ಹೊರಗೆ ಬಂದೆವು. ಬಿಸಿಲು ಸುಡುತ್ತಿತ್ತು. ರಸ್ತೆಯ ಅಂಚಿನಲ್ಲಿ ಪ್ರತಿಮಾ ಗಾಡಿ ತಳ್ಳುತ್ತಿದ್ದಳು. ಒಂದೇ ಕೈಯಲ್ಲಿ. ಇನ್ನೊಂದು ಕೈ ಪಕ್ಕಕ್ಕೆ ಇಳಿಬಿದ್ದಿತ್ತು, ಬೆರಳು ಸ್ವಲ್ಪ ಮಡಚಿತ್ತು. ಎಷ್ಟು ನಿಧಾನವಾಗಿ ನಡೆಯುತ್ತಿದ್ದಳೆಂದರೆ ತಳ್ಳುಗಾಡಿಯ ಸೊಪ್ಪಿನವನೂ ನಮ್ಮನ್ನು ದಾಟಿ ಹೋದ. ಬಿಸಿಲಿಗೆ ನನ್ನ ತಲೆ ಕಾದಿತ್ತು.

"ಬೇಗ ನಡಿಯೇ ಮಾರಾಯ್ತಿ, ಮಗೂಗೆ ಬಿಸ್ಲು" ಎಂದೆ.

ಅಕ್ಕ ನನ್ನ ತೋಳು ಹಿಡಿದು ಹಿಂದಕ್ಕೆ ಜಗ್ಗಿದಳು.

"ಅವಸರ ಮಾಡಬ್ಯಾಡ ಕಣೇ ಗುರುಸಿದ್ದಿ. ಆ ಕೂಸಿನ ಕಾಲು ಇನ್ನೂ ಚಿಕ್ಕವು."

ಗಾಡಿಯಲ್ಲಿ ಮಲಗಿದ್ದ ಇಂಚರಳ ಕಾಲಿನ ಮಾತಲ್ಲ ಅದು. ನನ್ನ ಹೆಜ್ಜೆಯನ್ನೂ ಸಣ್ಣದು ಮಾಡಿಕೊಂಡು ಅವರ ಹಿಂದೆ ನಡೆದೆ.